ಬುಧವಾರ ಬೀಗ ಹಾಕಿದ್ದ ಹೈಸ್ಕೂಲು

ಕೋರ್ಟಿನ ಅನುಭವ ಬರೆಯುವವರು ಜಡ್ಜಿನಿಂದ ಶುರುಮಾಡಿ ವಕೀಲರ ಹತ್ತಿರ ನಿಲ್ಲಿಸಿಬಿಡುತ್ತಾರೆ. ಅವರಿಬ್ಬರೂ ಸೇರಿ ಹುಟ್ಟಿಸಿದ ಕಾಗದವನ್ನು ಊರೂರಿನ ಬಾಗಿಲಿಗೆ ಮುಟ್ಟಿಸುವವನು ಒಬ್ಬನಿರುತ್ತಾನೆ ಎಂಬುದು ಯಾರಿಗೂ ನೆನಪಾಗುವುದಿಲ್ಲ. ನಾನು ಆ ಒಬ್ಬ, ಅಮೀನ. ಸಮನ್ಸು, ನೋಟೀಸು, ತಡೆಯಾಜ್ಞೆಗಳನ್ನು ಹಿಡಿದುಕೊಂಡು ಹೋಗಿ ಜಾರಿ ಮಾಡುವುದು, ಮಾಡಿ ಬಂದದ್ದನ್ನು ಕಾಗದದ ಹಿಂದೆ ನಾಲ್ಕು ಸಾಲು ಷರಾ ಬರೆದು ಒಪ್ಪಿಸುವುದು, ಇಷ್ಟೇ ನನ್ನ ಕೆಲಸವಾಗಿತ್ತು. ಎಪ್ಪತ್ತರ ದಶಕದ ಮೊದಲಲ್ಲಿ ಸೇರಿ ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕು ಕಡೆಯೂ ಚಪ್ಪಲಿ ಸವೆಸಿದ್ದೆ. ಈಗ ಹೇಳುವ ಸಂಗತಿ ಇವುಗಳಲ್ಲಿ ಯಾವ ಊರಿನದು ಎಂದು ಮಾತ್ರ ಕೇಳಬೇಡಿ. ನನ್ನ ಮಾನ ಹೋದರೆ ಹೋಗಲಿ, ಪಾಪದ ಊರಿನ ಮಾನ ಯಾಕೆ ಕಳೆಯಲಿ?

ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಮನೆಗೆ ಬಂದಿದ್ದರು. ಅವರಿಗೆ ಮೊಬೈಲು ಇದೆ. ಜಾರಿ ಮಾಡಿದ ಬಾಗಿಲ ಮುಂದೆಯೇ ನಿಂತು ಫೋಟೋ ತೆಗೆದು ಕಳಿಸಬೇಕಂತೆ. "ನಮ್ಮನ್ನ ನಂಬೋದೇ ಇಲ್ಲ ಸಾರ್" ಎಂದು ಗೊಣಗಿದರು. ನಾನು ನಕ್ಕುಬಿಟ್ಟೆ. ನಮ್ಮನ್ನು ನಂಬಿದ್ದರು, ಅದರಿಂದ ಏನಾಯಿತೆಂದು ನನಗೆ ಗೊತ್ತು.

ನನಗೆ ವಿದ್ಯೆ ಕಲಿಸಿದವರು ನಾಜರ್ ಶಾಮರಾಯರು. ಅಮೀನರಿಗೆಲ್ಲ ಕೆಲಸ ಹಂಚುವ ಮೇಲಧಿಕಾರಿ. ಬಾಯಿಯಲ್ಲಿ ಸದಾ ಎಲೆ ಅಡಿಕೆ, ಮೇಜಿನ ಮೇಲೆ ಸದಾ ಪಂಚಾಂಗ. ಅಷ್ಟಮಿ ನವಮಿಯ ದಿನ ಜಪ್ತಿಗೆ ಕಳಿಸುತ್ತಿರಲಿಲ್ಲ. ಸೇರಿದ ಮೊದಲ ದಿನವೇ ಹಿತ್ತಾಳೆಯ ಬಿಲ್ಲೆಯನ್ನು ನನ್ನ ಎದೆಗೆ ಚುಚ್ಚಿ, "ಇದನ್ನ ಊರೊಳಗೆ ಹೋಗೋವಾಗ ಜೇಬಲ್ಲಿಟ್ಕೋ, ಬರೋವಾಗ ಹಾಕ್ಕೋ" ಎಂದರು. ಯಾಕೆಂದು ಆವನಿಯ ಹತ್ತಿರದ ಒಂದು ಹಳ್ಳಿಯಲ್ಲಿ ಗೊತ್ತಾಯಿತು. ಬಿಲ್ಲೆ ಹಾಕಿಕೊಂಡೇ ನುಗ್ಗಿದೆ. ಅಲ್ಲಿಯವರೆಗೆ ಕನ್ನಡದಲ್ಲಿ ಜಗಳವಾಡುತ್ತಿದ್ದ ಗಂಡಹೆಂಡಿರು ಬಿಲ್ಲೆ ಕಂಡ ತಕ್ಷಣ "ಮಾಕು ಕನ್ನಡಂ ರಾದು ಸಾಮಿ" ಎಂದರು, ಕನ್ನಡವೇ ಬರುವುದಿಲ್ಲವಂತೆ. ಹೆಸರು ಕೇಳಿದರೆ ತೆಲುಗು, ಸರ್ವೆ ನಂಬರು ಕೇಳಿದರೆ ತೆಲುಗು. ನನಗೂ ತೆಲುಗು ಬರುತ್ತದೆ ಎಂದು ಹೇಳಿದ ಮೇಲೆ ಯಜಮಾನನಿಗೆ ಕಿವಿಯೇ ಕೇಳಿಸದಾಯಿತು.

ಶಾಮರಾಯರ ಎರಡನೆಯ ಪಾಠ ಹೋಟೆಲ್ ಷರಾ. ಬಿಸಿಲಲ್ಲಿ ಏಳು ಊರು ಅಲೆಯುವ ಬದಲು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮೂಲೆ ಮೇಜು ಹಿಡಿಯುವುದು, ದೋಸೆ ತರಿಸುವುದು, ಅಲ್ಲೇ ಕೂತು ಏಳು ಷರಾ ಬರೆಯುವುದು. "ಪ್ರತಿವಾದಿ ಪರಸ್ಥಳಕ್ಕೆ ಹೋಗಿರುತ್ತಾನೆ." "ಮನೆಗೆ ಬೀಗ ಹಾಕಿರುತ್ತದೆ." ಒಂದೇ ಶಾಯಿಯಾದರೆ ಅನುಮಾನ ಬರುತ್ತದೆಂದು ಎರಡು ಪೆನ್ನು ಇಟ್ಟುಕೊಳ್ಳುತ್ತಿದ್ದೆವು. ಷರಾಕ್ಕೆ ಸಾಕ್ಷಿಯ ರುಜು ಬೇಕಲ್ಲ, ಅದಕ್ಕೆ ಹೋಟೆಲಿನ ಸಪ್ಲಯರ್ ಸುಬ್ಬಣ್ಣ ಇದ್ದ. ಸಾಂಬಾರಿನ ಕೈ ಒರೆಸಿಕೊಂಡು ಬಂದು ರುಜು ಹಾಕಿ ಹೋಗುತ್ತಿದ್ದ. ಒಮ್ಮೆ ನಮ್ಮ ಕೋರ್ಟಿನ ಜಡ್ಜು ಮುನ್ಸೀಫರು ನಾಲ್ಕು ಕೇಸಿನ ಕಾಗದ ಒಟ್ಟಿಗೆ ನೋಡುವಾಗ, "ಈ ಸುಬ್ಬಣ್ಣ ಅನ್ನೋರು ವೇಮಗಲ್‌ನಲ್ಲೂ ಇದಾರೆ, ನರಸಾಪುರದಲ್ಲೂ ಇದಾರೆ. ಯಾರ್ರೀ ಇವರು?" ಎಂದು ಕೇಳಿದರು. "ದೊಡ್ಡ ಮನೆತನ ಸ್ವಾಮಿ, ಎಲ್ಲಾ ಕಡೆ ಜಮೀನಿದೆ" ಎಂದರು ಶಾಮರಾಯರು, ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿ. ಕೋರ್ಟು ನಂಬಿತು.

ಇಂಥ ಗುರುವಿನ ಕೈಯಲ್ಲಿ ನಾಲ್ಕು ವರ್ಷ ಪಳಗಿದ್ದೆ. ಆಗ ಬಂದದ್ದು ಜಮೀಲಾಳ ಕೇಸು.

ಜಮೀಲಾಳ ತಂದೆ ಬಾಷಾ ಸಾಬರು ಎತ್ತುಗಳಿಗೆ ಲಾಳ ಹೊಡೆಯುವವರು. ವಾರಕ್ಕೊಂದು ಸಂತೆ ಹಿಡಿದು, ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕು ಕಾಲು ಕಟ್ಟಿ, ಲಾಳ ಬಡಿದು ಎಬ್ಬಿಸುತ್ತಿದ್ದರು. ಸುತ್ತಿನ ಹಳ್ಳಿಗಳಲ್ಲಿ ಅವರ ಕೈ ಬೀಳದ ಎತ್ತಿರಲಿಲ್ಲ. ಮಗಳು ಒಂದು ಹೋಬಳಿ ಊರಿನ ಖಾಸಗಿ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಅವರ ವಂಶದಲ್ಲಿ ಅಷ್ಟು ದೂರ ಓದಿದವಳು ಅವಳೊಬ್ಬಳೇ.

ಆ ವರ್ಷ ಹನ್ನೊಂದು ಮಕ್ಕಳಿಗೆ ಹಾಜರಿ ಕಡಿಮೆ ಬಿದ್ದಿತ್ತು. ಯಾರಿಗೋ ಕಾಯಿಲೆ, ಯಾರದೋ ಮನೆಯಲ್ಲಿ ರಾಗಿ ಕೊಯ್ಲು, ಇನ್ನಾರಿಗೋ ಅಕ್ಕನ ಮದುವೆ. ಹಾಜರಿ ಕಡಿಮೆಯಾದರೆ ಹೆಡ್‌ಮಾಸ್ತರರು ಮನ್ನಾ ಮಾಡಬಹುದೆಂದು ಶಿಫಾರಸು ಬರೆಯುತ್ತಾರೆ, ಪರೀಕ್ಷೆಯ ಪ್ರವೇಶ ಪತ್ರ ಕೈಗೆ ಸಿಗುತ್ತದೆ. ಈ ಹೆಡ್‌ಮಾಸ್ತರರು ಎಂಟು ಮಕ್ಕಳಿಗೆ ಬರೆದರು, ಮೂವರಿಗೆ ಬರೆಯಲಿಲ್ಲ. ಆ ಮೂವರೂ ಸಾಬರ ಮಕ್ಕಳು. ಪ್ರವೇಶ ಪತ್ರಗಳು ಎಲ್ಲರ ಹೆಸರಿಗೂ ಮೊದಲೇ ಬಂದಿದ್ದವು, ಶಿಫಾರಸಿಲ್ಲದ ಈ ಮೂವರದ್ದು ಹೆಡ್‌ಮಾಸ್ತರರ ಬೀರುವಿನಲ್ಲೇ ಕೂತವು. ನಾಳೆಯಿಂದ ಕ್ಲಾಸಿಗೂ ಬರುವುದು ಬೇಡ ಎಂದರು. ಇಬ್ಬರು ಹುಡುಗರ ಅಪ್ಪಂದಿರು ಹಣೆಬರಹ ಎಂದುಕೊಂಡು ಒಬ್ಬನನ್ನು ಸೈಕಲ್ ಶಾಪಿಗೂ ಇನ್ನೊಬ್ಬನನ್ನು ಲಾರಿಗೂ ಹಾಕಿದರು. ಬಾಷಾ ಸಾಬರು ಮಾತ್ರ ಮಗಳನ್ನು ಕರೆದುಕೊಂಡು ಕೋರ್ಟಿಗೆ ಬಂದರು. ಆಗಷ್ಟೇ ಕರಿಕೋಟು ಹಾಕಿದ್ದ ಒಬ್ಬ ಎಳೆಯ ವಕೀಲರು ದಾವೆ ಹಾಕಿದರು. ಪ್ರವೇಶ ಪತ್ರ ಕೊಡುವಂತೆ ಹೆಡ್‌ಮಾಸ್ತರರಿಗೆ ಆಜ್ಞೆ ಮಾಡಬೇಕು ಎಂದು ಪ್ರಾರ್ಥನೆ.

ಮುನ್ಸೀಫರು ಹೆಡ್‌ಮಾಸ್ತರರಿಗೆ ತುರ್ತು ನೋಟೀಸು ಮಾಡಿದರು. ವಿಚಾರಣೆ ಮುಂದಿನ ಸೋಮವಾರ. ಪರೀಕ್ಷೆ ಅದರ ಮುಂದಿನ ಸೋಮವಾರ ಶುರು. ನೋಟೀಸು ನನ್ನ ಕೈಗೆ ಬಂದದ್ದು ಮಂಗಳವಾರ ಸಂಜೆ.

ಬುಧವಾರ ನನ್ನ ಚೀಲದಲ್ಲಿ ಏಳು ಕಾಗದ ಇದ್ದವು. ಹೈಸ್ಕೂಲಿರುವ ಊರು ಬಸ್ಸಿಳಿದ ಮೇಲೆ ಮೂರು ಮೈಲಿ. ಬಿಸಿಲು ನೆತ್ತಿ ಸುಡುತ್ತಿತ್ತು. ಹೋಟೆಲಿನೊಳಗೆ ಫ್ಯಾನು ತಿರುಗುತ್ತಿತ್ತು. ಬಿಸಿಲು, ಮೂರು ಮೈಲಿ ಎಂದೆಲ್ಲ ನಾನು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳುತ್ತೇನೆ. ಆ ಏಳರಲ್ಲಿ ಒಂದು ಪಟೇಲರ ಕೇಸಿನ ಕಾಗದವಿತ್ತು, ಅದಕ್ಕೆ ಹೋಗಿ ಬಂದೆ. ಜಮೀಲಾಳ ಕಾಗದ ಕೈಗೆ ಬಂದಾಗ, "ಸಾಬರದ್ದು ತಾನೇ, ಇನ್ನೊಂದು ದಿನ ಹೋದರಾಯಿತು" ಎಂದುಕೊಂಡೆ. ಹೀಗೆ ಅಂದುಕೊಂಡವನಿಗೂ ಆ ಹೆಡ್‌ಮಾಸ್ತರರಿಗೂ ಏನು ವ್ಯತ್ಯಾಸ? ದೋಸೆ ಮುಗಿಸಿ ಬರೆದೆ: "ಈ ದಿನ ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸ್ಥಳಕ್ಕೆ ಹೋಗಲಾಗಿ ಬೀಗ ಹಾಕಿರುತ್ತದೆ. ಪ್ರತಿವಾದಿ ಸಿಕ್ಕಿರುವುದಿಲ್ಲ." ಸುಬ್ಬಣ್ಣ ರುಜು ಹಾಕಿದ.

ಕೈಯ ಅಭ್ಯಾಸ ನೋಡಿ. ಮನೆಗಾದರೆ ಬೀಗ ಸರಿ. ಇದು ಹೈಸ್ಕೂಲು, ಅದೂ ಬುಧವಾರ ಹನ್ನೊಂದು ಗಂಟೆಗೆ. ದೋಸೆ ತಿಂದ ಕೈ ಅದನ್ನು ಯೋಚಿಸಲಿಲ್ಲ.

ಸೋಮವಾರ ಕೇಸು ಕೂಗಿದರು. ನಮ್ಮ ಮುನ್ಸೀಫರು ಕಣ್ಣು ಮುಚ್ಚಿಕೊಂಡು ವಾದ ಕೇಳುವವರು. ನಿದ್ದೆಯೋ ಧ್ಯಾನವೋ ವಕೀಲರಿಗೂ ತಿಳಿಯುತ್ತಿರಲಿಲ್ಲ. ಅವತ್ತು ಶಿರಸ್ತೇದಾರರು ನನ್ನ ಷರಾ ಓದಿದ ಕೂಡಲೇ ಎರಡೂ ಕಣ್ಣು ತೆರೆದವು.

"ಬುಧವಾರ ಹನ್ನೊಂದು ಗಂಟೆಗೆ ಹೈಸ್ಕೂಲಿಗೆ ಬೀಗವೇನ್ರೀ?"

"ಸ್ಥಳೀಯ ರಜೆ ಇದ್ದಿರಬೇಕು ಸ್ವಾಮಿ" ಎಂದೆ.

"ಯಾವ ರಜೆ?"

ಶಾಮರಾಯರು ಹಿಂದಿನಿಂದ ಕೆಮ್ಮಿದರು. "ಆ ಶಾಲೆ ಕಾರ್ಯದರ್ಶಿಗಳ ತಾಯಿ ತೀರ್ಕೊಂಡ್ರಂತೆ ಸ್ವಾಮಿ." ಆ ಮುದುಕಿ ಆಮೇಲೆ ಹನ್ನೆರಡು ವರ್ಷ ಗಟ್ಟಿಮುಟ್ಟಾಗಿದ್ದಳು.

ಮುನ್ಸೀಫರು ಹೊಸ ನೋಟೀಸು, ಮುಂದಿನ ಸೋಮವಾರ ಎಂದು ಬರೆಸಿದರು. ಎಳೆಯ ವಕೀಲರು ಎದ್ದು ನಿಂತು, "ಸ್ವಾಮಿ, ಆ ದಿನ ಬೆಳಿಗ್ಗೆ ಹತ್ತಕ್ಕೇ ಮೊದಲ ಪರೀಕ್ಷೆ" ಎಂದರು. ಎದುರಾಳಿಯ ಮಾತು ಕೇಳದೆ ಇಂಥ ಆಜ್ಞೆ ಮಾಡುವುದಿಲ್ಲ ಎಂದರು ಮುನ್ಸೀಫರು. ವಕೀಲರು ಗೋಗರೆದರು. ನನ್ನ ಷರಾದ ಮಾತೆಲ್ಲ ಮುಗಿದ ಮೇಲೆ ಮಗಳೊಂದಿಗೆ ಒಳಗೆ ಬಂದ ಬಾಷಾ ಸಾಬರು ಹಿಂದಿನ ಬೆಂಚಿನಲ್ಲಿ ಟೋಪಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ವಕೀಲರೂ ಮುನ್ಸೀಫರೂ ಆಡಿದ ಇಂಗ್ಲಿಷಿನ ಮಾತು ಅವರಿಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಜಮೀಲಾಗೆ ತಿಳಿಯಿತೆಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಒಂದು ವಾರ ಪೂರ್ತಿ ನಾನು ತಿಂದುಹಾಕಿದ್ದೆ.

ಮಾರನೆಯ ದಿನ ಮೊದಲ ಬಸ್ಸಿಗೇ ಹೋಗಿ ಆ ಮೂರು ಮೈಲಿ ನಡೆದೆ. ಹೈಸ್ಕೂಲು ಬಾಗಿಲು ತೆರೆದುಕೊಂಡು ಕೂತಿತ್ತು. ಹೆಡ್‌ಮಾಸ್ತರರು ನೋಟೀಸು ತೆಗೆದುಕೊಂಡು ರುಜು ಹಾಕಿ, "ಲಾಳ ಹೊಡೆಯೋ ಸಾಬಿ ಕೋರ್ಟಿಗೆ ಹೋದ್ನಾ? ಭೇಷ್" ಎಂದು ನಕ್ಕರು.

ಆ ಸೋಮವಾರ ಹನ್ನೊಂದಕ್ಕೆ ವಿಚಾರಣೆ ಶುರುವಾಗುವ ಹೊತ್ತಿಗೆ ತಾಲ್ಲೂಕಿನ ಪರೀಕ್ಷಾ ಕೇಂದ್ರದಲ್ಲಿ ಕನ್ನಡ ಪತ್ರಿಕೆ ನಡೆಯುತ್ತಿತ್ತು. ಜಮೀಲಾ ಕೋರ್ಟಿನಲ್ಲಿದ್ದಳು. ಎರಡು ಜಡೆ, ತಲೆ ಮೇಲೆ ದುಪಟ್ಟಾ, ಕೈಯಲ್ಲಿ ಪೆನ್ನು. ಆ ಪೆನ್ನನ್ನು ಅವಳು ಯಾಕೆ ತಂದಿದ್ದಳೋ.

ಹೆಡ್‌ಮಾಸ್ತರರನ್ನು ಮುನ್ಸೀಫರೇ ಕೇಳಲು ಶುರುಮಾಡಿದರು. ಜಮೀಲಾ ಕಾಮಾಲೆಯಾಗಿ ಒಂದು ತಿಂಗಳು ಮಲಗಿದ್ದಳು. ಹಕೀಮರ ಚೀಟಿ ಕೊಟ್ಟಿದ್ದಳು. ಯಾಕೆ ಒಪ್ಪಲಿಲ್ಲ?

"ಹಕೀಮನ ಚೀಟಿ ನಡೆಯೋದಿಲ್ಲ ಸ್ವಾಮಿ. ಡಾಕ್ಟರದ್ದು ಬೇಕು."

ಎಳೆಯ ವಕೀಲರು ಆಗ ಒಂದು ಒಳ್ಳೆಯ ಕೆಲಸ ಮಾಡಿದರು. ಶಿಫಾರಸಾದ ಎಂಟರಲ್ಲಿ ಇನ್ನೊಬ್ಬಳಿಗೂ ಕಾಮಾಲೆಯೇ ಆಗಿತ್ತು, ಅವಳ ಕಾಗದ ತೋರಿಸಿ ಎಂದರು. ಹೆಡ್‌ಮಾಸ್ತರರು ತಂದಿದ್ದ ಕಡತ ತೆರೆಸಿದರೆ ಅದು ಊರ ನಾಟಿ ಪಂಡಿತರ ಚೀಟಿ.

"ಇವರು ಡಾಕ್ಟರೇ?" ಮುನ್ಸೀಫರು ಕೇಳಿದರು.

"ಪರಂಪರೆಯಿಂದ ಬಂದವರು ಸ್ವಾಮಿ."

"ಆ ಹಕೀಮರೂ ಆಕಾಶದಿಂದ ಉದುರಿರಲಾರರು. ಏನು ಔಷಧಿ ಕೊಟ್ಟಿದ್ದಾರೆ ನೋಡಿ." ಶಿರಸ್ತೇದಾರರು ಎರಡೂ ಚೀಟಿ ಓದಿದರು. ಇಬ್ಬರೂ ಕಿರುನೆಲ್ಲಿ ಸೊಪ್ಪನ್ನು ಅರೆದು ಮಜ್ಜಿಗೆಯಲ್ಲಿ ಕೊಟ್ಟಿದ್ದರು. ಕೋರ್ಟು ಗೊಳ್ಳೆಂದಿತು.

ಹೆಡ್‌ಮಾಸ್ತರರ ಮುಖ ಕೆಂಪೇರಿತು. "ನಾನು ಭೇದ ಮಾಡೋನಲ್ಲ ಸ್ವಾಮಿ. ನಮ್ಮನೆ ಎತ್ತುಗಳಿಗೆ ಲಾಳ ಹೊಡೆಸೋದೇ ಈ ಬಾಷಾ ಹತ್ರ. ಬೇಕಾದ್ರೆ ಕೇಳಿ."

"ಎತ್ತುಗಳಿಗೆ ಪ್ರವೇಶ ಪತ್ರ ಕೊಟ್ಟಿದ್ದೀರಾ?" ಎಂದರು ಮುನ್ಸೀಫರು. ಈ ಸಲ ಯಾರೂ ನಗಲಿಲ್ಲ. ಅವರ ದನಿ ಹಾಗಿತ್ತು.

ಆಜ್ಞೆಯಾಯಿತು. ಪ್ರವೇಶ ಪತ್ರವನ್ನು ಕೂಡಲೇ ಕೊಡಬೇಕು. ಹೆಡ್‌ಮಾಸ್ತರರು ಆಜ್ಞೆ ಓದುವುದಕ್ಕೂ ಕಾಯದೆ ಹೊರಟುಬಿಟ್ಟರು. ಕಾಗದ ಕೈಗೆ ಬರದಿದ್ದರೆ ಆಜ್ಞೆ ಗೊತ್ತಿಲ್ಲ ಎನ್ನಬಹುದು ಎಂಬ ಲೆಕ್ಕಾಚಾರ. ಎರಡನೆಯ ಪತ್ರಿಕೆ ಮಂಗಳವಾರ ಮಧ್ಯಾಹ್ನ ಎರಡಕ್ಕೆ. ಆಗ ಜೆರಾಕ್ಸು ಎಲ್ಲಿತ್ತು? ಕಾರ್ಬನ್ ಇಟ್ಟು ಟೈಪು ಮಾಡಿ, ತಾಳೆ ನೋಡಿ, ಮೊಹರು ಬಿದ್ದು ಹೊರಬರುವಾಗ ಐದು ಗಂಟೆ. "ನಾನು ಹೋಗ್ತೀನಿ" ಎಂದೆ. ಶಾಮರಾಯರು ಕನ್ನಡಕದ ಮೇಲಿಂದ ನೋಡಿ, "ನೀನಾಗೇ ಹೋಗ್ತೀಯೇನೋ? ಜ್ವರ ಗಿರ ಬಂದಿದೆಯಾ?" ಎಂದರು.

ಬಾಷಾ ಸಾಬರು, ಜಮೀಲಾ, ನಾನು ಒಂದೇ ಬಸ್ಸಿನಲ್ಲಿ ಹೋದೆವು. ಹೆಡ್‌ಮಾಸ್ತರರ ಮನೆಯಲ್ಲಿ ಅವರ ಹೆಂಡತಿ ಬಾಗಿಲು ಅರ್ಧ ತೆಗೆದು, "ಚಿಂತಾಮಣಿಗೆ ಹೋಗವ್ರೆ, ಬರೋದು ನಾಲ್ಕು ದಿನ ಆಯ್ತದೆ" ಎಂದರು. ಒಳಗೆ ಹೆಡ್‌ಮಾಸ್ತರರು ಸೀನಿದ್ದು ಕೇಳಿಸಿತು. ಆಕೆ ಬಾಗಿಲು ಹಾಕಿಕೊಂಡರು.

ವಾಪಸ್ ಬಸ್ಸಿರಲಿಲ್ಲ. ಬಾಷಾ ಸಾಬರ ಮನೆ ಅದೇ ಊರಿನಲ್ಲಿತ್ತು. "ಅಮೀನ್ ಸಾಬ್, ನಮ್ ಮನೇಲಿ ಊಟ ಮಾಡ್ತೀರಾ?" ಎಂದು ಬಾಷಾ ಸಾಬರು ಹೆದರಿ ಹೆದರಿ ಕೇಳಿದರು. ಅಲ್ಲಿಯವರೆಗೆ ನಾನು ಸಾಬರ ಮನೆಯಲ್ಲಿ ನೀರೂ ಕುಡಿದವನಲ್ಲ. ಅನ್ನ, ಹುರುಳಿ ಸಾರು, ಮೊಟ್ಟೆ. ಮೂರು ಸಲ ಬಡಿಸಿಕೊಂಡೆ. ನಾನು ಮಲಗಲೆಂದು ಅವರು ಒಳ್ಳೆಯ ಚಾಪೆ ಜಗಲಿಗೆ ತಂದು ಹಾಸಿದರು. ಅವರು ಹೀಗೆ ಉಪಚಾರ ಮಾಡಿದಷ್ಟೂ ನನಗೆ ಮೈಯೆಲ್ಲ ಮುಳ್ಳು ಚುಚ್ಚಿದಂತಾಗುತ್ತಿತ್ತು. ಜಮೀಲಾ ಒಳಗೆ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡುತ್ತಿದ್ದಳು.

ಜಾರಿ ತಪ್ಪಿಸಿಕೊಳ್ಳುವವನನ್ನು ಹಿಡಿಯಬೇಕಾದರೆ ಅವನು ಎಲ್ಲಿ ಅಡಗುತ್ತಾನೆ ಎಂದು ಹುಡುಕಬಾರದು, ಎಲ್ಲಿ ಬರದೇ ಇರಲಾರ ಎಂದು ಯೋಚಿಸಬೇಕು. ಇದೊಂದು ಮಾತನ್ನು ಮಾತ್ರ ನಾನೇ ಕಂಡುಕೊಂಡದ್ದು, ಶಾಮರಾಯರದ್ದಲ್ಲ. ಹೆಡ್‌ಮಾಸ್ತರರಿಗೆ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಕಟ್ಟೆಯ ಮೇಲೆ ನಿಂತು ಭಾಷಣ ಮಾಡದಿದ್ದರೆ ತಿಂದದ್ದು ಅರಗುವುದಿಲ್ಲ ಎಂದು ಬಾಷಾ ಸಾಬರು ಹೇಳಿದ್ದರು. ಮರುದಿನ ಹತ್ತು ಗಂಟೆಗೆ ಶಾಲೆಯ ಬೇವಿನ ಮರದ ಹಿಂದೆ ನಿಂತೆ. ಚಿಂತಾಮಣಿಗೆ ಹೋದವರು ಇಸ್ತ್ರಿ ಮಾಡಿದ ಪಂಚೆಯಲ್ಲಿ ಕಟ್ಟೆಗೆ ಬಂದರು. ಶಿಸ್ತಿನ ಬಗ್ಗೆ ಭಾಷಣ ಮಾಡಿದರು. ರಾಷ್ಟ್ರಗೀತೆ ಶುರುವಾಯಿತು. ನಾನು ಬಿಲ್ಲೆ ಹಾಕಿಕೊಂಡು ಮರದಿಂದ ಈಚೆಗೆ ಬಂದು ಅವರ ಎದುರಿಗೆ ಸಾವಧಾನ ನಿಂತೆ.

ಅವರು ನನ್ನನ್ನು ನೋಡಿದರು. ಓಡುವ ಹಾಗಿಲ್ಲ. ನಾನೂ ಕೈ ಎತ್ತುವ ಹಾಗಿಲ್ಲ. ಅವರ ಬಲಗಾಲಿನ ಹೆಬ್ಬೆರಳು ಮಾತ್ರ ಆಫೀಸಿನ ಕಡೆ ತಿರುಗುತ್ತಿತ್ತು. ಮಕ್ಕಳು ಅಷ್ಟು ನಿಧಾನವಾಗಿ ಹಾಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಕೊನೆಯ ಸಾಲು ಮುಗಿದ ಕೂಡಲೇ ಕಟ್ಟೆ ಹತ್ತಿ ಕಾಗದ ಚಾಚಿದೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

ತೆಗೆದುಕೊಳ್ಳದಿದ್ದರೆ ಓದಿ ಹೇಳುವುದು ಪದ್ಧತಿ. ಇಂಗ್ಲಿಷಿನಲ್ಲಿದ್ದ ಆಜ್ಞೆಯನ್ನು ಇಡೀ ಶಾಲೆಯ ಮುಂದೆ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದೆ. "ಇದೇ ಶಾಲೆಯ ಜಮೀಲಾಗೆ ಹೆಡ್‌ಮಾಸ್ತರರು ಈ ಕ್ಷಣವೇ ಪ್ರವೇಶ ಪತ್ರ ಕೊಡತಕ್ಕದ್ದು. ತಪ್ಪಿದರೆ ಜೈಲಿಗೆ ಹೋಗತಕ್ಕದ್ದು." ಎರಡನೆಯ ವಾಕ್ಯ ಆಜ್ಞೆಯಲ್ಲಿರಲಿಲ್ಲ. ಮಕ್ಕಳು ಚಪ್ಪಾಳೆ ಹೊಡೆದುಬಿಟ್ಟರು. ಡ್ರಿಲ್ ಮೇಷ್ಟ್ರೂ ಹಿಂದಿ ಮೇಷ್ಟ್ರೂ ಸಾಕ್ಷಿ ರುಜು ಹಾಕಿದರು. ಬೀರು ತೆರೆಯಿತು. ಹನ್ನೊಂದೂವರೆ ಬಸ್ಸಿಗೆ ಅಪ್ಪ ಮಗಳನ್ನು ನಾನೇ ಹತ್ತಿಸಿದೆ.

ಅದರ ಮೇಲೆ ಎಲ್ಲ ಪತ್ರಿಕೆಗಳನ್ನೂ ಅವಳು ಬರೆದಳು, ಎಲ್ಲದರಲ್ಲೂ ಪಾಸಾದಳು. ತಪ್ಪಿಹೋದ ಕನ್ನಡ ಪತ್ರಿಕೆಯಿಂದ ಒಟ್ಟು ಫಲಿತಾಂಶ ಫೇಲು ಎಂದೇ ಬಂತು. ಕಾಲೇಜಿನ ಆ ವರ್ಷ ಹೋಯಿತು. ಅಕ್ಟೋಬರಿನಲ್ಲಿ ಆ ಒಂದು ಪತ್ರಿಕೆ ಬರೆಯಲು ಕೋರ್ಟಿನ ಕಾಗದಗಳ ನಕಲು ಬೇಕೆಂದರಂತೆ, ಅಪ್ಪ ಮಗಳು ಅದಕ್ಕಾಗಿ ಮತ್ತೆ ಬಂದರು.

ವರಾಂಡದಲ್ಲಿ ನನ್ನನ್ನು ಕಂಡ ಬಾಷಾ ಸಾಬರು ಎರಡೂ ಕೈ ಹಿಡಿದುಕೊಂಡರು. "ಅಮೀನ್ ಸಾಬ್, ಆ ದಿನ ನೀವು ಇಲ್ದೆ ಹೋಗಿದ್ರೆ ನನ್ ಬೇಟಿ ಗತಿ ಏನು? ನಮಾಜಲ್ಲಿ ದಿನಾ ನಿಮ್ಮನ್ನ ನೆನೀತೀನಿ." ಅವರ ಕೈ ಮರದ ಕೊರಡಿನಷ್ಟು ಒರಟಾಗಿತ್ತು. ವಕೀಲರನ್ನು ಒಮ್ಮೆ ಕಂಡು ಬರುತ್ತೇನೆಂದು ಅವರು ಒಳಗೆ ಹೋದರು.

ಜಮೀಲಾ ನಕಲಿನ ಹಾಳೆಗಳನ್ನು ತಿರುವುತ್ತಿದ್ದಳು. ಒಂದು ಹಾಳೆಯಲ್ಲಿ ಬೆರಳಿಟ್ಟು ನಿಲ್ಲಿಸಿದಳು. ಯಾವ ಹಾಳೆಯೆಂದು ನನಗೆ ತಿಳಿಯಿತು.

"ಈ ಬುಧವಾರ ನಾನು ಗೇಟ್ ಹತ್ರಾನೇ ನಿಂತಿದ್ದೆ ಸಾರ್" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಒಳಗೆ ಸೇರಿಸ್ತಿರ್ಲಿಲ್ಲ. ಅಮೀನ್ರು ಬರ್ತಾರೆ, ಹೆಡ್‌ಮಾಸ್ಟ್ರು ಎಲ್ಲಿದಾರೆ ಅಂತ ತೋರ್ಸು ಅಂತ ವಕೀಲ್ರು ಹೇಳಿದ್ರು. ಬೆಳಿಗ್ಗೆ ಹತ್ತರಿಂದ ಬೆಲ್ ಹೊಡಿಯೋವರ್ಗೂ ನಿಂತಿದ್ದೆ. ಯಾರೂ ಬರ್ಲಿಲ್ಲ."

ಸುಳ್ಳು ಹೇಳುವುದರಲ್ಲಿ ನಾನು ಪಳಗಿದವನು. ಅವತ್ತು ಒಂದೂ ಹುಟ್ಟಲಿಲ್ಲ. "ತಪ್ಪಾಯ್ತಮ್ಮ" ಎಂದೆ.

ಅವಳು ಹಾಳೆಗಳನ್ನು ಸರಿಯಾಗಿ ಜೋಡಿಸಿ ಮಡಚಿದಳು. "ಅಬ್ಬಾಗೆ ಹೇಳಿಲ್ಲ ಸಾರ್. ಅವ್ರು ದಿನಾ ನಿಮಗೆ ದುವಾ ಮಾಡ್ತಾರೆ. ಮಾಡ್ಕೊಳ್ಲಿ ಬಿಡಿ."

ಅಷ್ಟರಲ್ಲಿ ಬಾಷಾ ಸಾಬರು ಬಂದರು. ಟೀ ಕುಡಿಯದೆ ಬಿಡುವುದಿಲ್ಲ ಎಂದು ನನ್ನ ಹೆಗಲಿಗೆ ಕೈ ಹಾಕಿ ಕೋರ್ಟಿನ ಎದುರಿನ ಅಂಗಡಿಗೆ ಕರೆದುಕೊಂಡು ಹೋದರು. ಹೋದೆ. ಅವರು ತಮ್ಮ ಟವಲಿನಿಂದ ಬೆಂಚು ಒರೆಸಿ ನನ್ನನ್ನು ಕೂರಿಸಿದರು. ಜಮೀಲಾ ಲೋಟವನ್ನು ತಂದು ಎರಡೂ ಕೈಯಿಂದ ನನಗೆ ಕೊಟ್ಟಳು.